ಜಿಂಕೆ ತಾನೆ?

ಮ್ಯಾಡಿಸನ್
ಜನವರಿ 22, 2018

ಟ್ರೂಡಿ,

ಒಂದು ವಿಷಯವನ್ನು ಹೇಳದೆ ದಾಟಿಸಿಬಿಡೋಣ ಎಂದುಕೊಂಡು ಈ ಕಾಗದವನ್ನು ಮೂರು ಸಲ ಬರೆದು ಹರಿದೆ. ಹೇಳದಿದ್ದರೆ ಮುಂದೆ ಬರೆಯುವುದಕ್ಕೆ ಬೆಲೆಯಿರುವುದಿಲ್ಲ. ನಾನು ನಿನ್ನ ಫೈಲನ್ನು ತೆರೆದು ನೋಡಿದ್ದೇನೆ. ಹೆಸರು ಕಂಡಾಗ ಮುಚ್ಚಬಹುದಿತ್ತು. ಮುಚ್ಚಲಿಲ್ಲ.

ನಾನು ವಿಮಾ ಕಂಪನಿಯಲ್ಲಿ ಕೆಲಸ ಮಾಡುತ್ತಿರುವುದು ನಿನಗೆ ಯಾರಿಂದಲಾದರೂ ತಿಳಿದಿರುತ್ತದೆ. ಗ್ರಾಹಕರು ಯಾಕೆ ಬಿಟ್ಟುಹೋಗುತ್ತಾರೆ ಎಂದು ಕಂಡುಹಿಡಿಯುವುದು ನನ್ನ ವಿಭಾಗದ ಕೆಲಸ. ಈ ಸಲ ನಮ್ಮ ಮುಖ್ಯಸ್ಥ ಪ್ರಶ್ನೆಯನ್ನು ತಿರುಗಿಸಿ ಕೊಟ್ಟಿದ್ದಾನೆ: ಒಬ್ಬ ಏಜೆಂಟನ ಗ್ರಾಹಕರು ಯಾಕೆ ಬಿಟ್ಟುಹೋಗುವುದೇ ಇಲ್ಲ? ಇಡೀ ವಿಸ್ಕಾನ್ಸಿನ್‌ನಲ್ಲಿ ಅವನಷ್ಟು ದುಬಾರಿ ದರ ಯಾರದೂ ಇಲ್ಲ. ಫೋನಿನಲ್ಲಿ ಐದು ನಿಮಿಷ ಒತ್ತಿದರೆ ಮೂರನೇ ಒಂದು ಪಾಲು ಕಡಿಮೆಗೆ ಅದೇ ವಿಮೆ ಸಿಗುತ್ತದೆ. ಆದರೂ ಹನ್ನೊಂದು ವರ್ಷಗಳಲ್ಲಿ ಅವನನ್ನು ಬಿಟ್ಟುಹೋದವರು, ಸತ್ತವರನ್ನೂ ಊರು ಬಿಟ್ಟವರನ್ನೂ ಬದಿಗಿಟ್ಟರೆ, ಒಬ್ಬರೇ ಒಬ್ಬರು.

ಆ ಏಜೆಂಟ್ ಯಾರೆಂದು ನಿನಗೆ ಹೇಳಬೇಕಾಗಿಲ್ಲ. ಡೆಲ್ಮರ್ ಯೆಂಟರ್.

ನಗು ಬಂತು. ತನ್ನ ಮುಖವನ್ನೇ ಅಚ್ಚುಹಾಕಿಸಿ ಮನೆಮನೆಗೆ ಕ್ಯಾಲೆಂಡರ್ ಹಂಚುವ ಡೆಲ್ಮರ್. ಮೇಜಿನ ಮೇಲಿನ ಗಾಜಿನ ಬಟ್ಟಲಲ್ಲಿ ಒಂದಕ್ಕೊಂದು ಅಂಟಿಕೊಂಡ ಬೆಣ್ಣೆ ಮಿಠಾಯಿ ಇಟ್ಟುಕೊಂಡು, ಅದನ್ನು ಕೊಟ್ಟರೆ ಸಾಕು ಜಗತ್ತು ಸರಿಹೋಗುತ್ತದೆ ಎಂದು ನಂಬಿರುವ ಡೆಲ್ಮರ್. ಒಂದು ಶವಸಂಸ್ಕಾರವನ್ನೂ ತಪ್ಪಿಸದೆ, ಚರ್ಚಿನ ನೆಲಮಾಳಿಗೆಯಲ್ಲಿ ಎರಡೆರಡು ತಟ್ಟೆ ಹ್ಯಾಮ್ ಸ್ಯಾಂಡ್‌ವಿಚ್ ತಿಂದು, ಹೊರಡುವಾಗ ವಿಧವೆಯ ಭುಜ ತಟ್ಟುವ ಡೆಲ್ಮರ್. ಇವನಿಗಾಗಿ ಒಂದು ಊರಿಗೆ ಊರೇ ಪ್ರತಿ ಆರು ತಿಂಗಳಿಗೆ ದಂಡ ತೆರುತ್ತಿದೆ.

ನಾವು ಸಮೀಕ್ಷೆ ಕಳಿಸಿದೆವು. ನಾಲ್ಕು ನೂರು ಜನ ಉತ್ತರಿಸಿದರು. ನಾಲ್ಕು ನೂರು ಜನರೂ ಬರೆದದ್ದು ಒಂದೇ ಸಾಲು: “ಫೋನ್ ಮಾಡಿದರೆ ಎತ್ತುತ್ತಾನೆ.” ಹತ್ತು ವರ್ಷದಲ್ಲಿ ಎರಡು ಸಲ ಫೋನ್ ಮಾಡುವವರಿಗೆ ಇದು ಇಷ್ಟು ದೊಡ್ಡ ವಿಷಯವೇ? ನಾಯಿ ಕೂಡ ಕರೆದರೆ ಬರುತ್ತದೆ, ಅದಕ್ಕೆ ಯಾರೂ ಕಮಿಷನ್ ಕೊಡುವುದಿಲ್ಲ.

ನೀನು ಇಪ್ಪತ್ತೆರಡು ವರ್ಷದಿಂದ ಅವನ ಗ್ರಾಹಕಿ. ನೀನು ದಡ್ಡಿಯಲ್ಲ. ಅದಕ್ಕೇ ನಿನ್ನನ್ನು ಕೇಳುತ್ತಿದ್ದೇನೆ: ಯಾಕೆ?

ಇಮೇಲ್ ಮಾಡದೆ ಕಾಗದ ಬರೆದದ್ದಕ್ಕೆ ಕಾರಣವಿದೆ. ನಾನು ಇಮೇಲಿನಲ್ಲಿ ಬರೆದದ್ದನ್ನೆಲ್ಲ ಕಂಪನಿ ಓದಬಹುದು. ಇದನ್ನು ನೀನೊಬ್ಬಳೇ ಓದಬೇಕು.

ಲೋರ್ನಾ ವೆಂಡಾರ್ಫ್

•

ಪೈಕ್ ಲೇಕ್
ಫೆಬ್ರವರಿ 9

ಲೋರ್ನಾ ಮಹಾರಾಣಿಯವರಿಗೆ,

ಇಪ್ಪತ್ತೇಳು ವರ್ಷ ಆದ್ಮೇಲೆ ನಿನ್ನ ಕೈಬರಹ ನೋಡಿ, ಸ್ಕೂಲ್ ಬಸ್ಸಿನ ಕೀಲಿ ಕೈಯಲ್ಲೇ ಹಿಡ್ಕೊಂಡು, ಬಾಗಿಲಲ್ಲೇ ನಿಂತು ಓದ್ದೆ. ಯಾರೋ ಸತ್ತಿರ್ಬೇಕು ಅಂದ್ಕೊಂಡೆ. ನೋಡಿದ್ರೆ ಸರ್ವೆ!

ಪೂರ್ತಿ ಹೆಸರು ಬೇರೆ ಹಾಕಿ ಸಹಿ ಮಾಡಿದ್ದೀಯ. ನನಗೆ ಗೊತ್ತಿರೋ ಲೋರ್ನಾ ಒಬ್ಬಳೇ ಕಣೆ, ವೆಂಡಾರ್ಫ್ ಅಂತ ಬರೀದಿದ್ರೂ ನಡೀತಿತ್ತು.

ಯಾಕೆ ಅಂತ ಕೇಳಿದ್ದೀಯ. ಹೇಳ್ತೀನಿ ಬರ್ಕೋ. ಫೋನ್ ಮಾಡಿದ್ರೆ ಎತ್ತುತ್ತಾನೆ.

ನಗು. ನೀನು ನಗೋದು ಇಲ್ಲಿಗೆ ಕೇಳ್ಸುತ್ತೆ. ನಿಮ್ಮಪ್ಪ ಸತ್ತಾಗ ನೀನು ಮಧ್ಯಾಹ್ನ ಬಂದು ಸಾಯಂಕಾಲಕ್ಕೆ ಹೋದೆ. ಆ ಹ್ಯಾಮ್ ಸ್ಯಾಂಡ್‌ವಿಚ್ ಮಾಡ್ದೋಳು ನಾನು, ಮೇಜು ಎತ್ತಿಟ್ಟೋನು ಡೆಲ್ಮರ್. ಎರಡು ತಟ್ಟೆ ತಿಂದ, ಹೌದು. ಕೆಲಸ ಮಾಡಿದ್ದ, ಹಸಿವಾಗಿತ್ತು, ತಿಂದ. ನೀನು ಲೆಕ್ಕ ಇಟ್ಕೊಂಡಿದ್ದೀಯಲ್ಲ, ನಿನ್ನ ಕೆಲಸಕ್ಕೆ ನೀನು ಹೇಳಿ ಮಾಡ್ಸಿದ ಹಾಗಿದ್ದೀಯ ಬಿಡು.

ಹೋದ ವರ್ಷ ನಾನೂ ಆ ಅಗ್ಗದ ಕಂಪನಿಗೆ ಫೋನ್ ಮಾಡಿದ್ದೆ. ಒಂದು ಹೆಣ್ಣು ದನಿ ಬಂತು, ಮನುಷ್ಯಳೋ ಯಂತ್ರವೋ ದೇವರಿಗೇ ಗೊತ್ತು. “ಕಳೆದ ಐದು ವರ್ಷಗಳಲ್ಲಿ ನಿಮ್ಮ ತಪ್ಪಿನಿಂದಾದ ಅಪಘಾತಗಳೆಷ್ಟು?” ಅಂತು. ಇನ್ನೂ ನನ್ನ ಹೆಸರೇ ಕೇಳಿಲ್ಲ, ತಪ್ಪು ಎಷ್ಟು ಅಂತ ಕೇಳ್ತು! ಫೋನ್ ಇಟ್ಬಿಟ್ಟೆ.

ಇದಕ್ಕಿಂತ ಜಾಸ್ತಿ ಏನೂ ಇಲ್ಲ. ನಿನ್ನ ಮುಖ್ಯಸ್ಥನಿಗೆ ಹೇಳು, ಪೈಕ್ ಲೇಕಿನೋರು ಪೆದ್ದರು, ವರದಿ ಮುಗೀತು.

ಟ್ರೂಡಿ

•

ಮ್ಯಾಡಿಸನ್
ಮಾರ್ಚ್ 30

ಟ್ರೂಡಿ,

ವರದಿ ಮುಗಿಯಲಿಲ್ಲ. ನೀನು ಬರೆದ ಆ ಒಂದು ಪ್ರಶ್ನೆ, “ನಿಮ್ಮ ತಪ್ಪಿನಿಂದಾದ ಅಪಘಾತಗಳೆಷ್ಟು”, ತಲೆಯಲ್ಲಿ ಉಳಿಯಿತು. ಅದೇ ಪ್ರಶ್ನೆಯನ್ನು ಡೆಲ್ಮರನ ಫೈಲುಗಳಿಗೆ ಕೇಳಿದೆ. ಉತ್ತರ ನೋಡಿ ಕುರ್ಚಿಯಿಂದ ಎದ್ದು ನಿಂತೆ.

ಪೈಕ್ ಲೇಕಿನಲ್ಲಿ ಯಾರೂ ತಪ್ಪು ಮಾಡುವುದಿಲ್ಲ. ಅಲ್ಲಿ ಆಗುವುದೆಲ್ಲ ಜಿಂಕೆ.

ನಮ್ಮ ವ್ಯವಹಾರದಲ್ಲಿ ಜಿಂಕೆ ಎಂದರೆ ಏನೆಂದು ನಿನಗೆ ಚೆನ್ನಾಗಿ ಗೊತ್ತು. ಜಿಂಕೆ ಅಡ್ಡ ಬಂದರೆ ಓಡಿಸುತ್ತಿದ್ದವರ ತಪ್ಪಲ್ಲ, ದಾಖಲೆಯ ಮೇಲೆ ಕಲೆಯಿಲ್ಲ, ದರ ಏರುವುದಿಲ್ಲ. ಮರಕ್ಕೋ ಕಂಬಕ್ಕೋ ಗುದ್ದಿದರೆ ಅದು ನಿಮ್ಮ ತಪ್ಪು, ವರ್ಷಗಟ್ಟಲೆ ಬೆನ್ನಿಗೆ ಅಂಟಿಕೊಂಡಿರುತ್ತದೆ.

ಪಕ್ಕದ ಜಿಲ್ಲೆಗಳಲ್ಲಿ ಜಿಂಕೆಗಳು ಅಕ್ಟೋಬರ್, ನವೆಂಬರಿನಲ್ಲಿ ರಸ್ತೆಗೆ ಬರುತ್ತವೆ, ಮುಸ್ಸಂಜೆಯಲ್ಲಿ. ನಿಮ್ಮೂರ ಜಿಂಕೆಗಳು ಬೌಲಿಂಗ್ ಆಟದ ಹಾಲ್‌ನ ಪಾರ್ಕಿಂಗಿಗೆ ಭಾನುವಾರ ಮಧ್ಯಾಹ್ನ ಒಂದು ಗಂಟೆಗೆ ಬರುತ್ತವೆ. ಕಾರಿನಲ್ಲೇ ಕೂತು ವ್ಯವಹಾರ ಮಾಡುವ ಬ್ಯಾಂಕಿನ ಕಿಟಕಿಯ ಮುಂದೆ ಸಾಲಿನಲ್ಲಿ ನಿಂತ ಗಾಡಿಗೆ ಹಿಂದಿನಿಂದ ಬಂದು ಗುದ್ದುತ್ತವೆ. 2009ರಲ್ಲಿ ಒಂದು ಜಿಂಕೆ ಗುದ್ದಿದ ಜಾಗದಲ್ಲಿ ನೀಲಿ ಬಣ್ಣ ಅಂಟಿತ್ತಂತೆ. ನಿಮ್ಮ ಕಡೆ ಜಿಂಕೆಗಳಿಗೆ ಬಣ್ಣ ಬಳಿದು ಬಿಡುತ್ತೀರಾ?

2014ರ ಫೆಬ್ರವರಿಯದು ನನಗೆ ಅತ್ಯಂತ ಇಷ್ಟವಾಯಿತು. ಸೇಂಟ್ ಕ್ಯಾಸಿಮಿರ್ ಚರ್ಚಿನ ಬೋರ್ಡು ಬುಡಸಮೇತ ಬಿದ್ದ ದಿನವೇ, ಅದೇ ರಸ್ತೆಯಲ್ಲಿ, ಬಿಳಿ ಬಣ್ಣ ಮೆತ್ತಿದ ಬಂಪರಿನ ಒಂದು ಕಾರು. ಕಾರಣ: ಜಿಂಕೆ. ಗ್ರಾಹಕಿಯ ಹೆಸರು: ಟ್ರೂಡಿ ಕಾಸ್ಮಾಟ್ಕಾ.

ಹಾಗಾದರೆ ಇದು ನಿಷ್ಠೆಯಲ್ಲ. ನಿಮ್ಮೆಲ್ಲರ ಗುಟ್ಟೂ ಅವನ ಕಪಾಟಿನಲ್ಲಿದೆ. ಗುಟ್ಟು ಬಲ್ಲವನನ್ನು ಬಿಟ್ಟು ಹೋಗುವ ಧೈರ್ಯ ಯಾರಿಗಿದೆ? ಅದಕ್ಕೆ ಕ್ಯಾಲೆಂಡರ್ ಇಸಿದುಕೊಳ್ಳುತ್ತೀರಿ, ಮಿಠಾಯಿ ಚೀಪುತ್ತೀರಿ, ಮುಖದಲ್ಲಿ ನಗು ಇಟ್ಟುಕೊಂಡು ದುಬಾರಿ ದರ ಕಟ್ಟುತ್ತೀರಿ. ಹೆದರಿದ ಜನ ತಮ್ಮ ಹೆದರಿಕೆಗೆ ಒಳ್ಳೆಯ ಹೆಸರಿಟ್ಟುಕೊಂಡಿದ್ದಾರೆ, ಅಷ್ಟೆ.

ಇಷ್ಟು ಕಟುವಾಗಿ ಬರೆಯಬೇಕಿತ್ತೇ ಎಂದು ಕೇಳಿಕೊಂಡೆ. ನಿಜವಾದದ್ದನ್ನು ಮೃದುವಾಗಿ ಹೇಳುವುದು ನನಗೆ ಬರುವುದಿಲ್ಲ. ವರದಿಯಲ್ಲಿ ಜಿಂಕೆಗಳ ವಿಷಯ ಬರೆಯುತ್ತೇನೆ. ನಿನಗೆ ಮೊದಲೇ ತಿಳಿಸುವುದು ಸರಿ ಅನ್ನಿಸಿತು.

ಲೋರ್ನಾ

•

ಪೈಕ್ ಲೇಕ್
ಏಪ್ರಿಲ್ 17

ಲೋರ್ನಾ,

ಬೋರ್ಡಿಗೆ ಗುದ್ದಿದ್ದು ನಾನೇ. ಅವತ್ತು ಬೆಳಿಗ್ಗೆ ಬಸ್ಸು, ಮಧ್ಯಾಹ್ನ ಆಸ್ಪತ್ರೆಯಲ್ಲಿ ಅಮ್ಮ, ಸಾಯಂಕಾಲ ಮತ್ತೆ ಬಸ್ಸು. ಬಸ್ಸು ನಿಲ್ಸಿ ನನ್ನ ಕಾರಲ್ಲಿ ಮನೆಗೆ ಹೊರಟಾಗ ಕಣ್ಣು ಮುಚ್ಚಿಹೋಯ್ತು. ಬಸ್ಸಲ್ಲಿ ಅಲ್ಲ. ಮಕ್ಕಳು ಯಾರೂ ಇರ್ಲಿಲ್ಲ. ಆದ್ರೆ ಶಾಲೆಯೋರ ನಿಯಮ ಒಂದೇ: ಸ್ವಂತ ಗಾಡಿಯಾದ್ರೂ ಸರಿ, ಸ್ಟೀರಿಂಗ್ ಹಿಡ್ಕೊಂಡು ನಿದ್ದೆ ಹೋದೋರಿಗೆ ಮಕ್ಕಳ ಬಸ್ಸು ಕೊಡಲ್ಲ. ನನಗೆ ಬೇರೆ ಕೆಲಸ ಬರಲ್ಲ. ಗಂಡ ಇಲ್ಲ, ಅದೂ ನಿನ್ನ ಫೈಲಲ್ಲಿರ್ಬೇಕು. ನೀನು ಅದು ಜಿಂಕೆ ಅಲ್ಲ ಅಂತ ಬರೆದ ದಿನ ನನ್ನ ಬಸ್ಸು ಹೋಗುತ್ತೆ. ಇದು ಗೊತ್ತಿಲ್ದೆ ಬರೆದೆ ಅಂತ ಆಮೇಲೆ ಆಗ್ಬಾರ್ದು, ಅದಕ್ಕೆ ಹೇಳ್ತಿದ್ದೀನಿ.

ಹೆದರಿಕೆ ಅಂದೆ. ಡೆಲ್ಮರ್ ಒಂದು ದಿನಾನೂ ಅದನ್ನ ಎತ್ತಿ ಆಡಿಲ್ಲ. ಅವತ್ತು ಕಾರು ನೋಡ್ದ, ಬೋರ್ಡು ನೋಡ್ದ, ನನ್ನ ನೋಡ್ದ. “ಜಿಂಕೆ ತಾನೆ, ಟ್ರೂಡಿ?” ಅಂದ. ನಾನು ತಲೆ ಆಡಿಸ್ದೆ. ಅಷ್ಟೆ. ನನ್ನ ಬಾಯಲ್ಲಿ ಸುಳ್ಳು ಹೇಳಿಸ್ಲಿಲ್ಲ ಕಣೆ, ಅದನ್ನ ತಾನೇ ಹೇಳ್ದ.

ಅವನು ಹಾಗೆ ಕೇಳೋದನ್ನ ನೀನೂ ಕೇಳಿದ್ದೀಯ. ಎಲ್ಲಾರ ಜಿಂಕೆ ಎಣಿಸಿದ್ದೀಯಲ್ಲ, 1991ರದ್ದನ್ನ ಎಣಿಸಿದ್ಯಾ?

ಅವತ್ತು ಮುರಿದ ನನ್ನ ಎಡಭುಜದ ಮೂಳೆ ಈಗ್ಲೂ ಚಳಿಗೆ ನೆನಪಿಸುತ್ತೆ, ನಿನ್ನ ಲೆಕ್ಕಕ್ಕೆ ಸಿಗದ ಜಿಂಕೆ ಯಾವುದು ಅಂತ. ಅಕಾರ್ಡಿಯನ್ ವಾದ್ಯದ ಪಟ್ಟಿ ಆ ಭುಜಕ್ಕೆ ಹಾಕೋಕೆ ಆಗಲ್ಲ. ಚಿಕ್ಕಪ್ಪನ ಪೋಲ್ಕಾ ಕುಣಿತದ ಬ್ಯಾಂಡಲ್ಲಿ ನನ್ನ ಜಾಗಕ್ಕೆ ಬೇರೆ ಹುಡುಗಿ ಬಂದ್ಲು. ಚೆನ್ನಾಗೇ ನುಡಿಸ್ತಿದ್ಲು.

ಇನ್ನು ಬರೀಬೇಡ.

ಟ್ರೂಡಿ

•

ಮ್ಯಾಡಿಸನ್
ಆಗಸ್ಟ್ 20

ಟ್ರೂಡಿ,

ಬರೆಯಬೇಡ ಎಂದಿದ್ದೆ. ನಾಲ್ಕು ತಿಂಗಳು ಬರೆಯಲಿಲ್ಲ. ಅದು ನಿನ್ನ ಮಾತಿಗೆ ಕೊಟ್ಟ ಬೆಲೆ ಎಂದು ಹೇಳಿಕೊಂಡು ತಿರುಗಿದೆ. ನಿಜವೆಂದರೆ ನಿನ್ನ ಪ್ರಶ್ನೆಗೆ ಉತ್ತರ ಕೊಡದೆ ಇರಲು ಅದು ಒಳ್ಳೆಯ ನೆಪವಾಯಿತು.

1991ರದ್ದನ್ನು ಎಣಿಸಿರಲಿಲ್ಲ. ಕಂಪ್ಯೂಟರಿನಲ್ಲಿ ಅಷ್ಟು ಹಿಂದಿನದು ಇಲ್ಲ ಎನ್ನಬಹುದು. ಹಳೆಯ ಕಾರ್ಡುಗಳು ನಮ್ಮ ಕಟ್ಟಡದ ನೆಲಮಾಳಿಗೆಯಲ್ಲಿವೆ ಎಂದು ನನಗೆ ಮೊದಲಿನಿಂದ ಗೊತ್ತಿತ್ತು. ಇಷ್ಟು ಮಾತ್ರ ಈಗ ಬರೆಯಬಲ್ಲೆ.

ವರದಿಯ ಕಥೆ ಕೇಳು. ಮೇ ತಿಂಗಳಲ್ಲಿ ಜಿಂಕೆಗಳ ಪಟ್ಟಿಯನ್ನು ಮುಖ್ಯಸ್ಥನ ಮುಂದಿಟ್ಟೆ. ನಿನ್ನ ಹೆಸರೊಂದನ್ನು ತೆಗೆದಿದ್ದೆ. ಹಾಗೆ ಒಬ್ಬಳ ಹೆಸರನ್ನು ತೆಗೆದಾಗ ನಾನು ಡೆಲ್ಮರನಿಗಿಂತ ಯಾವ ರೀತಿಯಲ್ಲಿ ಬೇರೆ ಎಂದು ಆಮೇಲೆ ಕೇಳಿಕೊಂಡೆ. ಮುಖ್ಯಸ್ಥ ಪಟ್ಟಿಯನ್ನು ನೋಡಿ, ತನ್ನ ದುಬಾರಿ ಕನ್ನಡಕ ತೆಗೆದು, ನಕ್ಕ. “ಲೋರ್ನಾ, ಇದನ್ನ ಮತ್ತೆ ಮಡಚಿಡಿ. ಆ ಜನ ದುಡ್ಡು ಕಟ್ತಿದ್ದಾರೆ, ಬಿಟ್ಟು ಹೋಗ್ತಿಲ್ಲ. ಜಿಂಕೆ ಖರ್ಚನ್ನೆಲ್ಲ ಅವರ ದರದಲ್ಲೇ ವಸೂಲಿ ಮಾಡ್ಕೊಂಡಿದ್ದೀವಿ. ನಮಗೇನು ನಷ್ಟ?” ಎಂದ. ಈಗ ಡೆಲ್ಮರನನ್ನು ಕರೆಸಿ ಉಳಿದ ಏಜೆಂಟರಿಗೆ ಪಾಠ ಹೇಳಿಸುವ ಯೋಚನೆ ಅವನದು. ಪಾಠದ ಹೆಸರು “ಮನ ಗೆಲ್ಲುವ ದಾರಿ”. ಬಹುಶಃ ಎಲ್ಲರಿಗೂ ಒಂದೊಂದು ಬಟ್ಟಲು ಮಿಠಾಯಿ ಕೊಡುತ್ತಾರೆ.

ಮುಖ್ಯಸ್ಥನ ಮಾತಿನಲ್ಲಿ ಒಂದು ನಿಮ್ಮೂರಿನವರಿಗೆಲ್ಲ ಗೊತ್ತಿರಬೇಕು. ಪೈಕ್ ಲೇಕಿನ ದರ ಯಾಕೆ ಇಷ್ಟು ಎತ್ತರ? ಜಿಂಕೆಗಳಿಂದ. ಒಬ್ಬೊಬ್ಬರ ದಾಖಲೆಯೂ ಚೊಕ್ಕಟ, ಆದರೆ ಊರಿಗೆ ಊರೇ ಅಪಾಯದ ಜಾಗವೆಂದು ನಮ್ಮ ಯಂತ್ರ ಲೆಕ್ಕ ಹಾಕಿ ಎಲ್ಲರ ದರವನ್ನೂ ಏರಿಸಿದೆ. ನೀನು ಬೌಲಿಂಗ್ ಹಾಲಿನ ಜಿಂಕೆಗೆ ಕಟ್ಟುತ್ತಿದ್ದೀಯ, ಬೌಲಿಂಗ್ ಹಾಲಿನವನು ನಿನ್ನ ಬೋರ್ಡಿಗೆ ಕಟ್ಟುತ್ತಿದ್ದಾನೆ. ಡೆಲ್ಮರ್ ಯಾರಿಗೂ ಏನನ್ನೂ ಉಳಿಸಿಕೊಟ್ಟಿಲ್ಲ. ಕನಿಕರವನ್ನು ನಿಮಗೇ ಕಂತಿನ ಮೇಲೆ ಮಾರಿದ್ದಾನೆ.

ಇನ್ನೊಂದು ವಿಷಯಕ್ಕಾಗಿಯೇ ನಾನು ಮೌನ ಮುರಿದದ್ದು.

ಹನ್ನೊಂದು ವರ್ಷದಲ್ಲಿ ಒಬ್ಬನೇ ಬಿಟ್ಟುಹೋದ ಎಂದಿದ್ದೆನಲ್ಲ. ನಮ್ಮ ಪಟ್ಟಿಯಲ್ಲಿ ಅವನ ಹೆಸರಿನ ಮುಂದೆ “ನಿಷ್ಠೆಯಿಲ್ಲ” ಎಂಬ ಗುರುತು ಬಿದ್ದಿದೆ. ಹೆಸರು ನೆಂಗ್ ಮುವಾ. ದೂರದೇಶದಿಂದ ವಲಸೆ ಬಂದ ಮಾಂಗ್ ಜನ, ಜಿನ್ಸೆಂಗ್ ಎಂಬ ಔಷಧಿ ಬೇರು ಬೆಳೆಯುವ ತೋಟಗಳ ಕಡೆ ಮನೆ. ಆಗ ಹಾಲಿನ ಟ್ಯಾಂಕರ್ ಓಡಿಸುತ್ತಿದ್ದ. 2014ರ ಜೂನ್, ನಿನ್ನ ಬೋರ್ಡಿನ ನಾಲ್ಕು ತಿಂಗಳ ನಂತರ, ನಿನ್ನ ಬೋರ್ಡಿನಿಂದ ಎರಡು ಮೈಲಿ ದೂರದಲ್ಲಿ, ಅವನ ಸ್ವಂತ ಪಿಕಪ್‌ಗೆ ಅಪಘಾತವಾಯಿತು. ಫೈಲಿನಲ್ಲಿ ಡೆಲ್ಮರ್ ಬರೆದದ್ದು: “ಚಾಲಕ ಹತೋಟಿ ತಪ್ಪಿದ. ತಪ್ಪು ಚಾಲಕನದು.” ದರ ಎರಡು ಪಟ್ಟಾಯಿತು. ದಾಖಲೆಗೆ ಕಲೆ ಬಿದ್ದ ಮೇಲೆ ಟ್ಯಾಂಕರ್ ಕೆಲಸವೂ ಹೋಯಿತು.

ಫೈಲಿನ ಕೊನೆಯಲ್ಲಿ ಅವನು ಕಂಪನಿಗೆ ಬರೆದ ಎರಡು ಕಾಗದಗಳಿವೆ. ಅಕ್ಷರ ಮಗುವಿನದು, ಮಗಳಿಂದ ಬರೆಸಿರಬೇಕು. ಎರಡನೆಯದರಲ್ಲಿ ಒಂದು ಅಂಟುಪಟ್ಟಿ, ಅದರ ಕೆಳಗೆ ಒಂದು ಚಿಟಿಕೆ ಕಂದು ಕೂದಲು. ಕೆಳಗೆ ಬರೆದಿದೆ: “ಇದು ಆ ಜಿಂಕೆಯ ಕೂದಲು. ನಮ್ಮ ಹತ್ತಿರ ಇನ್ನೂ ಇದೆ. ಬೇಕಾದರೆ ಕಳಿಸುತ್ತೇವೆ.”

ಟ್ರೂಡಿ, ಅದು ನಿಜವಾದ ಜಿಂಕೆ. ಜೂನ್ ತಿಂಗಳ ಫೈಲುಗಳನ್ನೆಲ್ಲ ಹುಡುಕಿದೆ. ಇಡೀ ಪೈಕ್ ಲೇಕಿನಲ್ಲಿ ಆ ತಿಂಗಳು ಜಿಂಕೆ ಅಲ್ಲ ಎಂದು ದಾಖಲಾದದ್ದು ಇದೊಂದೇ.

ಡೆಲ್ಮರ್ ಬೌಲಿಂಗ್ ಹಾಲಿನವನನ್ನು ಕೇಳಿದ, ನಿನ್ನನ್ನು ಕೇಳಿದ. ಇವನನ್ನು ಯಾಕೆ ಕೇಳಲಿಲ್ಲ? ನಾನು ಕೇಳಿದರೆ ಅವನು ಎಚ್ಚರವಾಗುತ್ತಾನೆ. ನೀನು ಕೇಳುತ್ತೀಯಾ? ನಿನ್ನ ಉತ್ತರ ಬರುವವರೆಗೆ ಏನನ್ನೂ ಮಾಡುವುದಿಲ್ಲ.

ಲೋರ್ನಾ

•

ಪೈಕ್ ಲೇಕ್
ಅಕ್ಟೋಬರ್ 8

ಲೋರ್ನಾ,

ದರ ಏರೋದು ನಮ್ಮ ಜಿಂಕೆಗಳಿಂದ ಅಂತ ಎಂಟು ತಿಂಗಳು ಕೂತು ಕಂಡುಹಿಡಿದ್ಯಾ? ಅಮ್ಮಾ ತಾಯಿ, ಅದಕ್ಕೆ ನೀನು ಓದಬೇಕಿತ್ತಾ? ನಮಗೆಲ್ಲ ಗೊತ್ತು. ಅಗ್ನಿಶಾಮಕದೋರು ಊರಿಗೆಲ್ಲ ಹಾಕೋ ಪ್ಯಾನ್‌ಕೇಕ್ ಊಟದಲ್ಲಿ ಡೆಲ್ಮರ್ ಪ್ರತಿ ವರ್ಷ ಎದ್ದು ನಿಂತು, “ಈ ಸಲಾನೂ ಜಿಂಕೆ ಜಾಸ್ತಿ, ದರ ಏರುತ್ತೆ, ಬೈಕೋಬೇಡಿ” ಅಂತಾನೆ. ಎಲ್ಲಾರೂ ನಗ್ತೀವಿ, ಸಿರಪ್ ಸುರ್ಕೋತೀವಿ, ಕಟ್ತೀವಿ. ಯಾರು ಕಟ್ತಿದ್ದಾರೆ ಅಂದ್ಕೊಂಡಿದ್ದೆ, ನಿನ್ನ ಮುಖ್ಯಸ್ಥನಾ? ಹೋದ ಚಳಿಗಾಲದ ಜಿಂಕೆ ಯಾರದ್ದು, ಅದಕ್ಕೂ ಹಿಂದಿನದು ಯಾರದ್ದು, ಊರಿಗೇ ಗೊತ್ತು. ನಿನ್ನದು ನಾನು ಹೊತ್ತೆ, ನನ್ನದು ನೀನು ಹೊರು. ವಿಮೆ ಅಂದ್ರೆ ಅದೇ ಅಂತ ನಾನು ತಿಳ್ಕೊಂಡಿದ್ದೆ. ನಿಮ್ಮ ಆಫೀಸಲ್ಲಿ ಬೇರೆ ಏನಾದ್ರೂ ಅಂತಾರಾ?

ಇಷ್ಟು ಬರೆದು ಕಾಗದ ಮುಗಿಸ್ಬೇಕು ಅಂತಿದ್ದೆ, ಸೆಪ್ಟೆಂಬರಲ್ಲೇ. ಕಳಿಸ್ಲಿಲ್ಲ. ಯಾಕಂದ್ರೆ ಮುವಾ ಅವರ ಹುಡುಗಿ ನನ್ನ ಬಸ್ಸಲ್ಲೇ ಬರ್ತಾಳೆ. ಎಂಟನೇ ಕ್ಲಾಸು. ಕೊನೇ ಸ್ಟಾಪು, ಮುಂದಿನ ಸೀಟು. ದಿನಾ ಇಳಿಯೋವಾಗ “ಥ್ಯಾಂಕ್ಯೂ ಮಿಸ್ ಟ್ರೂಡಿ” ಅಂತಾಳೆ. ಆ ಕಾಗದ ಬರೆದಾಗ ಅವಳಿಗೆ ಒಂಬತ್ತು ವರ್ಷ.

ಹೋದ ಗುರುವಾರ ಡೆಲ್ಮರ್ ಹತ್ರ ಹೋದೆ.

“ಏನಮ್ಮ ಟ್ರೂಡಿ, ಮಿಠಾಯಿ ತಗೋ,” ಅಂದ.

“ಮಿಠಾಯಿ ಆಮೇಲೆ. ನಾಲ್ಕು ವರ್ಷದ ಹಿಂದೆ ನೆಂಗ್ ಮುವಾ ಬಂದಿದ್ನಲ್ಲ, ಪಿಕಪ್ ಜಜ್ಜಿಹೋಗಿತ್ತು. ಅವನನ್ನ ನೀನು ಯಾಕೆ ಕೇಳ್ಲಿಲ್ಲ?”

“ಏನು ಕೇಳ್ಲಿಲ್ಲ?”

“ಡೆಲ್ಮರ್, ನಾಟಕ ಬೇಡ. ನಮ್ಮನ್ನೆಲ್ಲ ಏನು ಕೇಳ್ತೀಯೋ ಅದನ್ನ.”

ಅವನು ಬಟ್ಟಲನ್ನ ಅತ್ಲಾಗೆ ಸರಿಸ್ದ. ಜ್ಞಾಪಿಸ್ಕೊಂಡ. ನಿಜವಾಗ್ಲೂ ಜ್ಞಾಪಿಸ್ಕೊಳ್ತಿದ್ದ, ಮುಖದಲ್ಲಿ ಕಾಣ್ತಿತ್ತು.

“ಕೇಳೋಕೆ ಎಲ್ಲಿ ಬಿಟ್ಟ ಅವನು?” ಅಂದ. “ಬಾಗಿಲು ತೆಗೀತಿದ್ದ ಹಾಗೇ ‘ಜಿಂಕೆ, ಜಿಂಕೆ’ ಅಂತ ತಾನೇ ಅಂದ. ಫೋಟೋ ಬೇರೆ ತಂದಿದ್ದ. ಜಿಂಕೆ ಹೊಡೆದೋರು ಯಾರಾದ್ರೂ ಫೋಟೋ ತರ್ತಾರಾ ಟ್ರೂಡಿ? ನೀನು ತಂದ್ಯಾ? ನಮ್ಮೋರು ಯಾರೂ ಬಾಯಿ ಬಿಟ್ಟು ಜಿಂಕೆ ಅಂತ ಅಂದಿಲ್ಲ, ಇಷ್ಟು ವರ್ಷದಲ್ಲಿ ಒಬ್ಬರೂ ಅಂದಿಲ್ಲ. ಇವನು ಮೊದಲೇ ಅಂದ. ಸುಳ್ಳು ಹೇಳ್ತಿದ್ದಾನೆ ಅಂದ್ಕೊಂಡೆ.”

“ಫೋಟೋ ನೋಡಿದ್ಯಾ?”

“ಕವರು ತೆಗೀಲಿಲ್ಲ,” ಅಂದ.

ಲೋರ್ನಾ, ನನಗೆ ನಗು ಬಂತು. ಅವನ ಮುಂದೇನೇ ನಕ್ಕೆ. ನಲವತ್ತು ಜನ ಸುಳ್ಳರನ್ನ ನಂಬಿದೋನು, ನಿಜ ಹೇಳಿದ ಒಬ್ಬನನ್ನ ಸುಳ್ಳ ಅಂದ. ಅವನೂ ಜೊತೇಲಿ ಸ್ವಲ್ಪ ನಕ್ಕ. ಆಮೇಲೆ, “ಅವನು ನಮ್ಮ ರೀತಿ ಕಲಿತಿದ್ರೆ ಚೆನ್ನಾಗಿತ್ತು,” ಅಂದ, ಬೇಜಾರಾದೋನ ಹಾಗೆ. ಅದಕ್ಕೆ ನನ್ನ ನಗು ನಿಂತ್ಹೋಯ್ತು. ಎದ್ದು ಬಂದೆ. ಮಿಠಾಯಿ ಜೇಬಲ್ಲಿತ್ತು, ಯಾವಾಗ ತಗೊಂಡೆ ಅಂತ ಗೊತ್ತಿಲ್ಲ.

ಮಾರನೇ ದಿನ ಆ ಹುಡುಗಿ ಇಳಿಯೋವಾಗ “ಥ್ಯಾಂಕ್ಯೂ ಮಿಸ್ ಟ್ರೂಡಿ” ಅಂದ್ಲು. ನಾನು ಕನ್ನಡಿ ಸರಿಮಾಡೋ ಹಾಗೆ ಮಾಡ್ದೆ. ನಾನು ಈ ಸೀಟಲ್ಲಿ ಕೂತಿರೋದು ತಲೆ ಆಡಿಸಿದ್ದಕ್ಕೆ. ಅವರಪ್ಪ ಟ್ಯಾಂಕರಿಂದ ಇಳಿದದ್ದು ಬಾಯಿ ಬಿಟ್ಟಿದ್ದಕ್ಕೆ. ಈಗ ಬೇರೆಯೋರ ಜಿನ್ಸೆಂಗ್ ತೋಟದಲ್ಲಿ ಹುಲ್ಲು ಹರಡ್ತಾನೆ.

ನಮ್ಮೂರಿನೋರದ್ದು ಹೆದರಿಕೆ ಅಂತ ನೀನು ಅಂದಿದ್ದೆ. ಅದಲ್ಲ ಕಣೆ. ನಾವು ಒಬ್ಬರಿಗೊಬ್ಬರು ಒಳ್ಳೆಯೋರೇ. ಆದ್ರೆ ನಮ್ಮೋರು ಅನ್ನೋ ಅಷ್ಟೇ ಜನಕ್ಕೆ.

ವರದಿ ಕಳಿಸ್ತೀಯೋ ಬಿಡ್ತೀಯೋ ನಿನ್ನಿಷ್ಟ. ಬೇಡ ಅಂತ ನಾನು ಹೇಳಲ್ಲ. ಹೂಂ ಅಂತಾನೂ ಹೇಳಲ್ಲ. ಒಂದೇ ಒಂದು: ಈ ಸಲ ನನ್ನ ಕೈಲಿ ತಲೆ ಆಡಿಸ್ಬೇಡ. 1991ರಲ್ಲಿ ನಿನಗೋಸ್ಕರ ಆಡಿಸಿದ್ದೀನಿ.

ಟ್ರೂಡಿ

•

ಮ್ಯಾಡಿಸನ್
ನವೆಂಬರ್ 5

ಟ್ರೂಡಿ,

ನೆಲಮಾಳಿಗೆಗೆ ಹೋಗಿದ್ದೆ. 1991ರ ಕಾರ್ಡು ಸಿಕ್ಕಿತು. ಡೆಲ್ಮರನ ಕೈಬರಹ: “ಜಿಂಕೆ. ಹುಡುಗಿ ಗಾಬರಿಯಾಗಿದ್ದಾಳೆ.”

ಜಿಂಕೆ ಇರಲಿಲ್ಲ. ಬಿಸಿಲಿತ್ತು, ರಸ್ತೆ ಖಾಲಿ ಇತ್ತು, ಅಪ್ಪನ ಕಾರು ಎಷ್ಟು ಓಡುತ್ತದೆಂದು ನಿನಗೆ ತೋರಿಸಬೇಕಿತ್ತು. “ಸಾಕು ಕಣೆ, ನಿಧಾನ” ಎಂದು ನೀನು ಎರಡು ಸಲ ಹೇಳಿದೆ. ನಾನು ಕೇಳಲಿಲ್ಲ, ಕಾರು ರಸ್ತೆ ಬಿಟ್ಟು ಹಳ್ಳಕ್ಕೆ ಬಿತ್ತು. ಇದನ್ನು ಈವರೆಗೆ ಎಲ್ಲೂ ಬರೆದಿಲ್ಲ. ಕಾರಿಗೆ ಒಂದು ಗೀರು ಬಿದ್ದರೂ ಕಾಲೇಜಿಲ್ಲ ಎಂದಿದ್ದ ಅಪ್ಪ ಆಮೇಲೆ ನಮ್ಮ ಅಡುಗೆಮನೆಯಲ್ಲಿ ತೋಳು ಕಟ್ಟಿ ನಿಂತಿದ್ದ. ನಿನ್ನ ಕೈ ಕತ್ತಿಗೆ ಕಟ್ಟಿದ ಬಟ್ಟೆಪಟ್ಟಿಯಲ್ಲಿತ್ತು. ನನಗೆ ಮಾತೇ ಹೊರಡಲಿಲ್ಲ. ಆಗ ಡೆಲ್ಮರ್, ಏಜೆಂಟಾಗಿ ಇನ್ನೂ ವರ್ಷ ತುಂಬಿರದ ಹುಡುಗ, ಅಪ್ಪನ ಕಡೆಗೊಮ್ಮೆ ನೋಡಿ, “ಜಿಂಕೆ ತಾನೆ, ಲೋರ್ನಾ?” ಎಂದ. ನಾನು ತಲೆ ಆಡಿಸಿದೆ. ಆಮೇಲೆ ನಿನ್ನ ಕಡೆ ನೋಡಿದೆ. ನೀನೂ ಆಡಿಸಿದೆ. ಆಗಸ್ಟಿನಲ್ಲಿ ನಾನು ಮ್ಯಾಡಿಸನ್ನಿಗೆ ಬಂದೆ. ನಿನಗೆ ಒಂದು ಮಾತನ್ನೂ ಹೇಳಲಿಲ್ಲ.

ಕಾರ್ಡುಗಳ ಆ ಪೆಟ್ಟಿಗೆಯನ್ನು ಪೂರ್ತಿ ನೋಡಿದೆ. ಅದಕ್ಕಿಂತ ಹಿಂದೆ ಡೆಲ್ಮರ್ ಬರೆದದ್ದರಲ್ಲಿ ಕಂಬವಿದೆ, ಮರವಿದೆ, ಮಂಜುಗಡ್ಡೆಯಿದೆ. ಅನುಮಾನ ಬರುವ ಜಿಂಕೆ ಒಂದೂ ಇಲ್ಲ. ನನ್ನದೇ ಮೊದಲನೆಯದು. ಅದಾದ ಮೂರು ವಾರಕ್ಕೆ ಇನ್ನೊಂದು, ತಿಂಗಳಿಗೆ ಮತ್ತೊಂದು. ನನ್ನ ಬಾಯಿಂದ ಮಾತು ಬರಲಿಲ್ಲವಾದ್ದರಿಂದ ಅವನು ತಾನೇ ಹೇಳಿದ. ಅದೇ ನಿಮ್ಮೂರ ರೀತಿಯಾಯಿತು. ನೆಂಗ್ ಮುವಾ ಕಲಿಯದೇ ಹೋದ ರೀತಿ ಅದು.

ಇಡೀ ವರ್ಷ ನಿಮ್ಮನ್ನು ಹೀಯಾಳಿಸಿ ಬರೆದೆ. ಒಂದನ್ನೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ, ಆದರೆ ವಿಳಾಸ ತಪ್ಪಾಗಿತ್ತು, ಮೊದಲು ನನಗೇ ಬರೆದುಕೊಳ್ಳಬೇಕಿತ್ತು. ಅಗ್ಗದ ಕಂಪನಿಗೆ ನೀವು ಯಾಕೆ ಹೋಗುವುದಿಲ್ಲ ಎಂಬ ಪ್ರಶ್ನೆಗೆ ಉತ್ತರ ನನಗೆ ಹತ್ತೊಂಬತ್ತನೇ ವಯಸ್ಸಿಗೇ ಗೊತ್ತಿತ್ತು. ಬೇರೆಯವರು ತಪ್ಪು ಎಷ್ಟು ಎಂದು ಕೇಳುತ್ತಾರೆ. ಡೆಲ್ಮರ್ ತಪ್ಪಿಗೆ ಬೇರೆ ಹೆಸರು ಕೊಡುತ್ತಾನೆ. ಅದಕ್ಕೆ ಎಷ್ಟು ಕೇಳಿದರೂ ಜನ ಕೊಡುತ್ತಾರೆ, ಆಮೇಲೆ ಅದನ್ನು ಒಳ್ಳೆಯತನ ಎಂದು ಕರೆಯುತ್ತಾರೆ. ನಾನೂ ಕರೆಯುತ್ತಿದ್ದೆನೇನೋ, ಆ ಹುಡುಗಿಯ ಅಂಟುಪಟ್ಟಿ ನೋಡದಿದ್ದರೆ.

ವರದಿಯನ್ನು ಹೊಸದಾಗಿ ಬರೆದಿದ್ದೇನೆ. ಕಂಪನಿಗಲ್ಲ, ರಾಜ್ಯದ ವಿಮಾ ಇಲಾಖೆಗೆ. ಮೊದಲ ಹಾಳೆ 1991, ನನ್ನ ಹೆಸರು, ನನ್ನ ಸಹಿ. ಎರಡನೆಯದು ನೆಂಗ್ ಮುವಾ, ಕೂದಲು ಅಂಟಿಸಿದ ಕಾಗದದ ಪ್ರತಿಯ ಸಮೇತ, ಅವನ ದಾಖಲೆಯನ್ನು ತಿದ್ದಬೇಕೆಂಬ ಕೋರಿಕೆಯ ಜೊತೆ. ಮೂರನೆಯದರಿಂದ ಪಟ್ಟಿ. ಈ ಸಲ ಯಾರ ಹೆಸರನ್ನೂ ತೆಗೆದಿಲ್ಲ. ನಿನ್ನದನ್ನೂ. ನನ್ನ ಕೆಲಸ ಹೋಗುತ್ತದೆ, ಅದು ನಿನ್ನ ಬಸ್ಸಿಗೆ ಸಮವಲ್ಲ ಎಂದು ನನಗೆ ಗೊತ್ತು.

ನಿನಗೆ ತಲೆ ಆಡಿಸು ಎನ್ನುವುದಿಲ್ಲ. ಆದರೆ ನನ್ನ ಬಾಯಿಂದ ಶಾಲೆಯವರಿಗೆ ತಿಳಿಯುವ ಮೊದಲು ನಿನ್ನ ಬಾಯಿಂದ ತಿಳಿಯಲು ಸಮಯ ಬೇಕು. ಅದಕ್ಕೇ ದಿನ ಗೊತ್ತುಮಾಡಿದ್ದೇನೆ. ಬಂದೂಕಿನ ಜಿಂಕೆಬೇಟೆಯ ಋತು ಶುರುವಾಗುವ ಹಿಂದಿನ ದಿನ, ಊರಿನವರೆಲ್ಲ ನಿಜವಾದ ಜಿಂಕೆಗಳ ಯೋಚನೆಯಲ್ಲಿರುತ್ತಾರೆ. ವಿಮಾ ಇಲಾಖೆ ನನ್ನ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿದೆ. ಆದರೂ ಲಕೋಟೆಯನ್ನು ಪೈಕ್ ಲೇಕಿಗೆ ತಂದು ಅಲ್ಲಿನ ಅಂಚೆಕಚೇರಿಯಲ್ಲೇ ಹಾಕುತ್ತೇನೆ. ಬೆಳಗಿನ ಬಸ್ಸು ಮುಗಿದ ಮೇಲೆ, ಹತ್ತು ಗಂಟೆಗೆ ಅಲ್ಲಿರುತ್ತೇನೆ. ನೀನು ಬರಬೇಕೆಂದಿಲ್ಲ. ಬಂದರೆ, ಆ ದಿನ ಕಾರಿನಲ್ಲಿ ಹೇಳಬೇಕಾಗಿದ್ದ ಮಾತನ್ನು ಬಾಯಿಬಿಟ್ಟು ಹೇಳುತ್ತೇನೆ. ಅದನ್ನು ಕಾಗದದಲ್ಲಿ ಬರೆದರೆ ಮತ್ತೆ ತಲೆ ಆಡಿಸಿದ ಹಾಗಾಗುತ್ತದೆ.

ಲೋರ್ನಾ

ಲಕೋಟೆ ಅಂಚೆಗೆ: ಶುಕ್ರವಾರ, ನವೆಂಬರ್ 16.